ಮಾಸ್ಟ್ರ ಮನೆಯ ಮೋಡೆಮ್ ನಡುರಾತ್ರಿ ಯಾರಿಗೆ ಫೋನ್ ಮಾಡುತ್ತಿತ್ತು?

"ಎಂತ ಮಾರಾಯ್ರೆ, ನಾವೆಲ್ಲ ಮಲಗಿದ ಮೇಲೆ ಇದು ಯಾರಿಗೆ ಫೋನ್ ಮಾಡ್ತದೆ?"

2004ರಲ್ಲಿ ಮಂಗಳೂರಿನ ಕದ್ರಿಯ ನಿವೃತ್ತ ಮಾಸ್ಟ್ರೊಬ್ಬರು ನನ್ನನ್ನು ಮನೆಗೆ ಕರೆಸಿ ಕೇಳಿದ ಪ್ರಶ್ನೆ. ಅವರಿಗೆ ಬಿಲ್ಲಿನ ಚಿಂತೆ. ಅವರ ಹೆಂಡತಿಯ ತಕರಾರು ಅದಕ್ಕಿಂತ ದೊಡ್ಡದು: ದುಬಾಯಿಯಿಂದ ಮಗ ಕಾಲ್ ಮಾಡಿದಾಗೆಲ್ಲ ಲೈನ್ ಎಂಗೇಜ್. ಮೋಡೆಮ್ ಫೋನ್ ಲೈನಿನಲ್ಲೇ ಡಯಲ್ ಮಾಡಿ ಇಂಟರ್ನೆಟ್ ತರುತ್ತಿತ್ತು; ಇಂಟರ್ನೆಟ್ಟಿಗೂ ಮಾತಿಗೂ ಆಗ ಇದ್ದದ್ದು ಒಂದೇ ತಂತಿ.

ಚಾವಡಿಯ ಮೂಲೆಯಲ್ಲಿದ್ದ ಹಳೇ ಪೆಂಟಿಯಮ್‌ಗೆ ಲಿನಕ್ಸ್ ಹಾಕಿ ಗೇಟ್‌ವೇ (ಮನೆಯ ಕಂಪ್ಯೂಟರುಗಳಿಗೂ ಇಂಟರ್ನೆಟ್ಟಿಗೂ ನಡುವಿನ ಬಾಗಿಲು) ಮಾಡಿಕೊಟ್ಟವನು ನಾನೇ. ಹಾಗಾಗಿ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಯಾರಾದರೂ ಬ್ರೌಸರ್ ತೆರೆದರೆ ಅದು ತಾನೇ ಡಯಲ್ ಮಾಡಬೇಕು, ಐದು ನಿಮಿಷ ಕೆಲಸವಿಲ್ಲದಿದ್ದರೆ ತಾನೇ ಲೈನ್ ಬಿಡಬೇಕು. ಆದರೆ ಗೇಟ್‌ವೇಗೆ ಮನುಷ್ಯರ ಗುರುತು ಇಲ್ಲ. ಹೊರಗೆ ಹೋಗಬೇಕಾದ ಒಂದೇ ಒಂದು ಪ್ಯಾಕೆಟ್ (ಡೇಟಾದ ತುಣುಕು) ಬಂದರೂ ಸಾಕು, ಮೋಡೆಮ್ ಕೀಂಯ್‌ಗುಟ್ಟಲು ಶುರು. ಒಂದು ನಿಮಿಷದಲ್ಲಿ ಕಡಿದರೂ ಮೀಟರಿನಲ್ಲಿ ಒಂದು ಇಡೀ ಕಾಲ್ ಏರುತ್ತಿತ್ತು. ಹಾಗಾಗಿ ಒಂದು ಗಂಟೆ ಕೂತು ನೋಡುವುದಕ್ಕಿಂತ ರಾತ್ರಿಯಿಡೀ ಬಿಟ್ಟು ಬಿಟ್ಟು ಡಯಲ್ ಆಗುವುದೇ ದುಬಾರಿಯಾಗಿತ್ತು.

ಇಂಥಲ್ಲಿ ಹೆಚ್ಚಿನವರು ಆಟೋ ಡಯಲ್ ಆಫ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಡಯಲ್ ಮಾಡಿಸಿದ್ದು ಯಾರೆಂದು ಗೊತ್ತಾಗದೆ ಗೇಟ್‌ವೇಯ ಸೆಟ್ಟಿಂಗ್ ಮುಟ್ಟಬಾರದು.

ಲಾಗ್ ತೆರೆದೆ. ಎಷ್ಟು ಗಂಟೆಗೆ ಲಿಂಕ್ ಶುರುವಾಯಿತು, ಎಷ್ಟು ಗಂಟೆಗೆ ಕಡಿಯಿತು ಎಂಬುದು ಇತ್ತು. ಯಾರಿಗಾಗಿ ಎಂಬುದು ಇರಲಿಲ್ಲ. ಒಳಗಿನ ನೆಟ್‌ವರ್ಕ್ ಕಾರ್ಡಿನ ಮೇಲೆ ಹೋಗಿಬರುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿದೆ. ಅದಕ್ಕೆ 'ಎನ್' ಆಯ್ಕೆ ಕೊಡಲು ಮರೆಯಬಾರದು. ಮರೆತರೆ ಅದು ಪ್ರತಿ ಐಪಿ ವಿಳಾಸದ ಹೆಸರು ಹುಡುಕಲು ತಾನೇ ಡಿಎನ್ಎಸ್ ಎಂಬ ಹೆಸರು-ವಿಳಾಸಗಳ ಡೈರೆಕ್ಟರಿಯನ್ನು ಕೇಳುತ್ತದೆ, ಅದಕ್ಕಾಗಿ ಮೋಡೆಮ್ ಮತ್ತೆ ಡಯಲ್ ಮಾಡುತ್ತದೆ. ಕಳ್ಳನನ್ನು ಹಿಡಿಯಲು ಬಂದವನೇ ಕಳ್ಳ! ಈ ತಪ್ಪನ್ನು ಬೇರೊಂದು ಮನೆಯಲ್ಲಿ ಮಾಡಿ ಅರ್ಧ ದಿನ ಕಳೆದಿದ್ದೆ.

ಚಹಾ ಕುಡಿಯುತ್ತಾ ಕಾದೆವು. ಎರಡನೇ ಲೋಟ ಮುಗಿಯುವ ಮೊದಲೇ ಪರದೆಯಲ್ಲಿ ಒಂದು ಸಾಲು: 192.168.0.3ರಿಂದ (ಅದು ಮಾಸ್ಟ್ರ ಕಂಪ್ಯೂಟರ್) ಡಿಎನ್ಎಸ್‌ನ ಬಾಗಿಲಾದ ಪೋರ್ಟ್ 53ಕ್ಕೆ ಪ್ರಶ್ನೆ, ಕೇಳಿದ ಹೆಸರು 'ಪುಟ್ಟಿ'. ಮಾಸ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅದು ನಮ್ಮ ಮಗಳ ಕಂಪ್ಯೂಟರ್ ಅಲ್ವಾ? ಅದೀಗ ಬೆಂಗಳೂರಲ್ಲಿ ಉಂಟು."

ಮಗಳು ಮದುವೆಯಾಗಿ ಹೋಗುವಾಗ ಕಂಪ್ಯೂಟರನ್ನೂ ಅದಕ್ಕೆ ಜೋಡಿಸಿದ್ದ ಪ್ರಿಂಟರನ್ನೂ ಒಯ್ದಿದ್ದಳು. ಮಾಸ್ಟ್ರ ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಪ್ರಿಂಟರ್ ಹಾಗೇ ಉಳಿದಿತ್ತು. ಅದರ ಸಾಲಿನಲ್ಲಿ ದೈವದ ನೇಮದ ಆಮಂತ್ರಣದ ಒಂದು ಪುಟ ತಿಂಗಳಿಂದ ಕಾಯುತ್ತಾ ಇತ್ತು. ಸ್ವಲ್ಪ ಹೊತ್ತಿಗೊಮ್ಮೆ ವಿಂಡೋಸ್ ಪುಟ್ಟಿಯನ್ನು ಹುಡುಕುತ್ತದೆ, ಮನೆಯೊಳಗೆ ಸಿಗುವುದಿಲ್ಲ, ಗೇಟ್‌ವೇಯನ್ನು ಕೇಳುತ್ತದೆ. ಗೇಟ್‌ವೇಗೂ ಗೊತ್ತಿಲ್ಲ, ಅದು ಹೊರಗೆ ಕೇಳಲು ಡಯಲ್ ಮಾಡುತ್ತದೆ. ಅಂಥ ಹೆಸರೇ ಇಲ್ಲ ಎಂದು ಉತ್ತರ. ಐದು ನಿಮಿಷಕ್ಕೆ ಲೈನ್ ಕಟ್. ಮತ್ತೆ ಮೊದಲಿಂದ.

ಪುಟವನ್ನೂ ಪ್ರಿಂಟರನ್ನೂ ಅಳಿಸಲು ಎರಡು ನಿಮಿಷ ಸಾಕಾಯಿತು. ಆದರೆ ನಾಳೆ ಇನ್ನೊಂದು ಹೆಸರು ಬರಬಹುದಲ್ಲ? ಗೇಟ್‌ವೇಯಲ್ಲಿ ಇಂಥ ಪ್ರಶ್ನೆಗಳನ್ನು ನೋಡಿಕೊಳ್ಳುವ ಡಿಎನ್ಎಸ್ ಮ್ಯಾಸ್ಕ್ ಪ್ರೋಗ್ರಾಮಿನಲ್ಲಿ 'ಡೊಮೈನ್ ನೀಡೆಡ್' ಹಾಕಿದೆ: ಚುಕ್ಕೆಯಿಲ್ಲದ ಹೆಸರು ಇನ್ನು ಹೊರಗೆ ಹೋಗುವಂತಿಲ್ಲ. 192.168ರ, ಎಂದರೆ ಮನೆಯೊಳಗಿನ, ವಿಳಾಸಗಳ ವಿಚಾರಣೆ ಹೊರಗೆ ಹೋಗದಂತೆ 'ಬೋಗಸ್ ಪ್ರಿವ್'. ವಿಂಡೋಸ್ ಆಗಾಗ ಸುಮ್ಮನೆ ಕೇಳುವ ಪ್ರಶ್ನೆಗಳಿಗೆ 'ಫಿಲ್ಟರ್ ವಿನ್ 2ಕೆ'. ಡಯಲಪ್ ಮನೆಗಳ ಈ ಗೋಳಿಗೆಂದೇ ಇರುವ ಆಯ್ಕೆ ಅದು. ಫೈಲ್ ಹಂಚಿಕೆಯ 137ರಿಂದ 139, ಮತ್ತೆ 445, ಈ ಪೋರ್ಟುಗಳು ಹೊರಗೆ ಹೋಗದಂತೆ ಫೈರ್‌ವಾಲಿನಲ್ಲಿ ತಡೆದೆ.

ತಾನಾಗಿ ಡಯಲ್ ಆಗುವುದು ನಿಂತರೂ ಕೆಲವು ಮನೆಗಳಲ್ಲಿ ಲೈನ್ ಬಿಡುತ್ತಿರಲಿಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ವರ್ಮ್ (ತಾನಾಗಿ ಹರಡುವ ವೈರಸ್) ಹಬ್ಬಿದ ಮೇಲೆ ಹೊರಗಿನಿಂದ 135ನೇ ಪೋರ್ಟ್ ತಟ್ಟುವವರು ಹೆಚ್ಚಾಗಿದ್ದರು, ತಟ್ಟಿದಾಗೆಲ್ಲ ಐದು ನಿಮಿಷದ ಲೆಕ್ಕ ಮತ್ತೆ ಸೊನ್ನೆಯಿಂದ. ಡಯಲಪ್ ಲೈನನ್ನು ನೋಡಿಕೊಳ್ಳುವ ಪಿಪಿಪಿಡಿ ಪ್ರೋಗ್ರಾಮಿನ ಆ್ಯಕ್ಟಿವ್ ಫಿಲ್ಟರಿನಲ್ಲಿ ಒಳಬರುವ ಪ್ಯಾಕೆಟ್ ಲೆಕ್ಕಕ್ಕಿಲ್ಲ ಎಂದರೆ ಮುಗಿಯಿತು.

ಡಯಲಪ್ ಹೋಯಿತು, ಆದರೆ ಈ ಕಾಯಿಲೆ ಹೋಗಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದರೆ ಇರಲಿ ಎಂದು ರೌಟರಿಗೆ 4ಜಿ ಡಾಂಗಲ್ ಸಿಕ್ಕಿಸಿಕೊಂಡವರು ಉಡುಪಿ, ಮಣಿಪಾಲ ಕಡೆ ಸುಮಾರು ಮಂದಿ. "ನಾನು ಬರೇ ಎರಡು ಮೇಲ್ ನೋಡಿದ್ದು, ದಿನದ ಡೇಟಾ ಖಾಲಿ" ಎಂದು ಫೋನ್ ಬರುತ್ತದೆ. ರೌಟರಿನಲ್ಲಿ 'ಕನೆಕ್ಟ್ ಆನ್ ಡಿಮಾಂಡ್' ಹಾಕಿ ನೆಮ್ಮದಿಯಾಗಿರುತ್ತಾರೆ; ಮನೆಯಲ್ಲಿ ನಾಲ್ಕು ಮೊಬೈಲ್ ಇದ್ದರೆ ಆ ಡಿಮಾಂಡ್ ನಿಲ್ಲುವುದೇ ಇಲ್ಲ. ಡಾಂಗಲ್ಲಿಗೆ ಮಾತ್ರ ನಾನು 'ಮ್ಯಾನುವಲ್' ಹಾಕಿಕೊಡುತ್ತೇನೆ, ಮೊಬೈಲಿನಲ್ಲೂ ವಿಂಡೋಸ್‌ನಲ್ಲೂ ಆ ವೈಫೈಯನ್ನು 'ಮೀಟರ್ಡ್' (ಡೇಟಾ ಮಿತವಾಗಿ ಬಳಸಬೇಕಾದದ್ದು) ಎಂದು ಗುರುತಿಸುತ್ತೇನೆ. ಅದಕ್ಕೂ ಮೊದಲು ರೌಟರಿನಲ್ಲಿ ಯಾರು ಎಷ್ಟು ಡೇಟಾ ಎಳೆದರು ಎಂಬ ಪಟ್ಟಿ ತೆರೆಯುತ್ತೇನೆ. ಕಳೆದ ಸಲ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಅಜ್ಜಿಯ ಮೊಬೈಲ್. ಮೊಮ್ಮಗಳ ಹುಟ್ಟುಹಬ್ಬದ ವಿಡಿಯೋಗಳೆಲ್ಲ ಅದರಿಂದ ಬ್ಯಾಕಪ್ ಆಗುತ್ತಾ ಇದ್ದವು.