ಧರೆ ಕೆಂಪು, ಗದ್ದೆ ಬೂದು: ಒಂದೇ ಊರಲ್ಲಿ ಎರಡು ಮಣ್ಣು ಯಾಕೆ?

ಪ್ರಶ್ನೆ: ನಮ್ಮ ಮನೆ ಹಿಂದಿನ ಧರೆ, ಅಂದರೆ ಕಡಿದ ದಿಣ್ಣೆ, ಕುಂಕುಮದ ಹಾಗೆ ಕೆಂಪು. ನೂರು ಹೆಜ್ಜೆ ಕೆಳಗೆ ಗದ್ದೆ ಮಣ್ಣು ಬೂದು. ಯಾಕೆ ಹೀಗೆ? ಯಾವುದರಲ್ಲಿ ಸಾರ ಜಾಸ್ತಿ?

ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲ ಕಡೆಯವರೂ ಇದನ್ನು ಕೇಳುತ್ತಾರೆ. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ.

ಎರಡರ ಅಡಿಯಲ್ಲೂ ಇರುವುದು ಹೆಚ್ಚುಕಮ್ಮಿ ಒಂದೇ ಬಂಡೆ. ಮಳೆನೀರು, ಬೇರು, ಸೂಕ್ಷ್ಮಜೀವಿಗಳು ಸೇರಿ ಅದನ್ನು ಕೊಳೆಸುತ್ತವೆ. ರಸ್ತೆಗೆ ಕಡಿದ ಧರೆ ಮುಂದೆ ನಿಂತು ನೋಡಿ. ಮೇಲೆ ಗೇಣುದ್ದ ಕಪ್ಪು ಪದರ, ಆಮೇಲೆ ಕೆಂಪು, ತಳದಲ್ಲಿ ಕಲ್ಲಿನ ಹಾಗೆಯೇ ಕಾಣುವ, ಆದರೆ ಉಗುರಲ್ಲಿ ಕೆರೆದರೆ ಉದುರುವ ಬಂಡೆ. ಅದೇ ಮುಂದೆ ಮಣ್ಣಾಗುವುದು. ಒಂದು ಇಂಚಿಗೆ ನೂರಾರು ವರ್ಷ ಬೇಕು.

ಬಂಡೆಯಲ್ಲಿದ್ದ ಕಬ್ಬಿಣಕ್ಕೆ ಗಾಳಿ ತಗುಲಿದರೆ ತುಕ್ಕು ಹಿಡಿಯುತ್ತದೆ. ಧರೆಯ ಕೆಂಪು ಅದೇ. ಗದ್ದೆಯಲ್ಲಿ ನೀರು ನಿಂತು ಗಾಳಿ ಸಿಗುವುದಿಲ್ಲ, ಬಣ್ಣ ಬೂದಾಗುತ್ತದೆ. ಗದ್ದೆಯ ಒಂದು ಹೆಂಟೆ ಒಡೆದು ನೋಡಿ. ಬೂದು ಮಣ್ಣಿನ ನಡುವೆ ಕೂದಲೆಳೆಯಂಥ ಕೆಂಪು ಗೆರೆಗಳು ಕಾಣುತ್ತವೆ. ಭತ್ತದ ಬೇರು ತನ್ನ ಜೊತೆ ಗಾಳಿ ಒಯ್ಯುತ್ತದೆ, ಬೇರಿನ ಸುತ್ತ ಮಾತ್ರ ತುಕ್ಕು. ಮೊದಲ ಸಲ ಇದನ್ನು ಕಂಡಾಗ ನನಗೆ ಆದ ಖುಷಿ ಇಂದಿಗೂ ನೆನಪಿದೆ.

ಬಣ್ಣದ ಮಾತು ಮುಗಿಯಿತು. ಸಾರದ ಮಾತು ಬಂದ ಕೂಡಲೇ ಎಲ್ಲರೂ ಹೇಳುವುದು ಒಂದೇ: "ಇಷ್ಟು ದಟ್ಟ ಕಾಡು ಬೆಳೆದಿದೆ ಅಂದಮೇಲೆ ಮಲೆನಾಡಿನ ಮಣ್ಣಲ್ಲಿ ಸಾರ ಇರಲೇಬೇಕಲ್ವಾ?"

ಇಲ್ಲ. ದಯವಿಟ್ಟು ಈ ಮಾತು ಬಿಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನೂರು ಕಿಲೋಮೀಟರ್ ಒಳಗಿರುವ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಆಗುಂಬೆಯಷ್ಟು ನೀರು ಇಳಿದಾಗ ಸುಣ್ಣದ ಅಂಶ, ಪೊಟ್ಯಾಶ್ ಎಲ್ಲ ತೊಳೆದು ಹೋಗುತ್ತವೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಮಣ್ಣು ಹುಳಿಯಾಗುತ್ತದೆ. ಹಾಕಿದ ರಂಜಕವನ್ನೂ ಆ ಕಬ್ಬಿಣ ಹಿಡಿದಿಟ್ಟುಕೊಂಡು ಗಿಡಕ್ಕೆ ಸುಲಭವಾಗಿ ಬಿಡುವುದಿಲ್ಲ.

ಹಾಗಾದರೆ ಕಾಡು ಬದುಕಿರುವುದು ಹೇಗೆ? ತನ್ನ ಎಲೆಯನ್ನು ತಾನೇ ಉಂಡು. ಉದುರಿದ ದರಗು ಕೊಳೆತು ಸಾರ ಬಿಡುತ್ತದೆ, ಅದು ಕೆಳಗಿಳಿಯುವ ಮೊದಲೇ ಬೇರುಗಳು ಹೀರಿಕೊಳ್ಳುತ್ತವೆ. ಬಂಡವಾಳ ಇರುವುದು ಮರದಲ್ಲಿ ಮತ್ತು ಆ ಗೇಣುದ್ದ ಕಪ್ಪು ಪದರದಲ್ಲಿ. ಕೆಂಪು ಮಣ್ಣಿನಲ್ಲೇ ಸಾರ ಇದ್ದಿದ್ದರೆ ನಮ್ಮ ಹಿರಿಯರು ಅಡಿಕೆ ತೋಟಕ್ಕೆ ಅಂತ ಸೊಪ್ಪಿನ ಬೆಟ್ಟ ಯಾಕೆ ಕಾಪಾಡುತ್ತಿದ್ದರು? ವರ್ಷ ವರ್ಷ ಸೊಪ್ಪು ಕಡಿದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಹೊರುತ್ತಿದ್ದುದು ಸುಮ್ನೆ ಅಲ್ಲ.

ಈಗ ಜೆಸಿಬಿ ತಂದು ಧರೆ ಅಗೆದು ತೋಟಕ್ಕೆ ಕೆಮ್ಮಣ್ಣು ತುಂಬಿ, ಈ ವರ್ಷ ಗೊಬ್ಬರ ಬೇಡ ಅನ್ನುವವರಿದ್ದಾರೆ. ಮೇಲೆದ್ದ ಅಡಿಕೆ ಬೇರು ಮುಚ್ಚಲು ಆ ಮಣ್ಣು ಒಳ್ಳೆಯದೇ. ಆದರೆ ಅದು ಹೊದಿಕೆ, ಊಟವಲ್ಲ. ಗೊಬ್ಬರ ಹಾಕಲೇಬೇಕು, ಹುಳಿ ಜಾಸ್ತಿಯಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣವನ್ನೂ ಕೊಡಬೇಕು. ಗದ್ದೆಗೆ ಮೇಲಿನಿಂದ ತೊಳೆದು ಬಂದದ್ದರಲ್ಲಿ ಒಂದಿಷ್ಟು ಪಾಲು ಸಿಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಅದೇ ವಾಸಿ.

ಯಾರೂ ಕೇಳದಿದ್ದರೂ ಜಂಬಿಟ್ಟಿಗೆಯ ವಿಷಯ ಹೇಳಬೇಕು. ಇದೇ ಕಬ್ಬಿಣ ಕೂಡಿದ ಕಲ್ಲು ಅದು. ನೆಲದೊಳಗೆ ಹಸಿಯಾಗಿರುವಾಗ ಕೊಡಲಿಯಲ್ಲಿ ಕಡಿಯಬಹುದು, ಗಾಳಿಗೆ ಒಣಗಿದರೆ ಗಟ್ಟಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಇದನ್ನು ನೋಡಿ, ಇಟ್ಟಿಗೆ ಅನ್ನುವ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಅವನ ಪುಸ್ತಕ ಬಂದದ್ದು 1807ರಲ್ಲಿ. ನಮ್ಮ ಮಾತಿನಲ್ಲೂ ಇಟ್ಟಿಗೆ ಇದೆ ನೋಡಿ. ಒಮ್ಮೆ ಗಟ್ಟಿಯಾದದ್ದು ಎಷ್ಟು ಮಳೆ ಹೊಯ್ದರೂ ಮತ್ತೆ ಮೆತ್ತಗಾಗುವುದಿಲ್ಲ. ಮರ ಹೋಗಿ, ದರಗು ಹೋಗಿ, ಬಿಸಿಲಿಗೆ ಬಿದ್ದ ಗುಡ್ಡದ ನೆತ್ತಿಯಲ್ಲೂ ಹೀಗೇ ಆಗುತ್ತದೆ. ಅಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ.