ಕಿಡ್ನಿ ಕ್ಯಾನ್ಸರ್, ಆಟೋಫೇಜಿ, ಮತ್ತು ನನ್ನನ್ನು ಎರಡು ದಿನ ಕಾಡಿದ ಒಂದು ಪಟ್ಟೆ

ಒಂದು ಅಭ್ಯಾಸ ಪ್ರಶ್ನೆ ಹೀಗಿತ್ತು: ಕಿಡ್ನಿ ಕ್ಯಾನ್ಸರ್ ಕೋಶಗಳಿಗೆ ಔಷಧಿ ಕೊಟ್ಟಾಗ ಎಲ್‌ಸಿ3-2 ಹೆಚ್ಚಾಯಿತು, ಪಿ62 ಕೂಡ ಹೆಚ್ಚಾಯಿತು (ಎರಡೂ ಆಟೋಫೇಜಿ ಅಳೆಯಲು ನೋಡುವ ಪ್ರೋಟೀನ್‌ಗಳು). ಏನಾಗಿದೆ? ನಾನು ಧೈರ್ಯವಾಗಿ ‘ಆಟೋಫೇಜಿ ಹೆಚ್ಚಾಗಿದೆ’ ಅಂತ ಬರೆದೆ. ಪೂರ್ತಿ ಉಲ್ಟಾ. ಯಾಕೆ ಉಲ್ಟಾ ಅನ್ನೋದು ತಲೆಗೆ ಹತ್ತೋಕೆ ಎರಡು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ, ಬೇಕಾದಷ್ಟೇ

ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಸಾಮಾನನ್ನು ಪೊರೆಯಲ್ಲಿ ಸುತ್ತಿ ಲೈಸೋಸೋಮ್‌ಗೆ ಸಾಗಿಸುತ್ತದೆ. ಅಲ್ಲಿ ಅದು ಕರಗಿ, ಮತ್ತೆ ಕಚ್ಚಾವಸ್ತುವಾಗುತ್ತದೆ. ಇದೇ ಆಟೋಫೇಜಿ. ಸುತ್ತಿದ ಚೀಲದ ಹೆಸರು ಆಟೋಫೇಗೋಸೋಮ್. ಇದರ ಜೀನ್‌ಗಳನ್ನು ಯೀಸ್ಟ್‌ನಲ್ಲಿ ಹುಡುಕಿದ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂತು.

ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಲಿಯರ್ ಸೆಲ್ ಬಗೆಯವು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ. ಹಾಗಾಗಿ ಹಿಫ್ ಪ್ರೋಟೀನ್ ನಾಶವಾಗದೆ ಉಳಿಯುತ್ತದೆ, ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಸುನಿಟಿನಿಬ್ ಎಂಬ ಔಷಧಿ ಆ ರಕ್ತನಾಳಗಳ ಸಂದೇಶವನ್ನು ತಡೆಯುತ್ತದೆ. ಎವರೋಲಿಮಸ್ ಎಂಬ ಇನ್ನೊಂದು ಔಷಧಿ, ಕೋಶಕ್ಕೆ ‘ಬೆಳೆ’ ಅಂತ ಹೇಳುವ ಎಂಟಾರ್ ಪ್ರೋಟೀನನ್ನು ತಡೆಯುತ್ತದೆ. ಇಮ್ಯುನೋಥೆರಪಿ ಬೇರೆಯೇ ದೊಡ್ಡ ಕಥೆ, ಇಲ್ಲಿ ಬಿಟ್ಟಿದ್ದೇನೆ.

ಔಷಧಿ ನಾಟದೆ ಹೋಗುವುದು ಹೇಗೆ

ಹೊಟ್ಟೆ ತುಂಬಿದ ಕೋಶದಲ್ಲಿ ಎಂಟಾರ್ ಆಟೋಫೇಜಿಗೆ ಬ್ರೇಕ್ ಹಾಕಿ ಕೂತಿರುತ್ತದೆ. ಎವರೋಲಿಮಸ್ ಎಂಟಾರ್ ಅನ್ನು ತಡೆದ ಕೂಡಲೇ ಆ ಬ್ರೇಕೂ ಬಿಡುತ್ತದೆ. ಕೋಶವನ್ನು ಉಪವಾಸ ಕೆಡವಲು ಹೋದ ಔಷಧಿಯೇ ಅದರ ಉಗ್ರಾಣದ ಬಾಗಿಲು ತೆಗೆದುಕೊಟ್ಟ ಹಾಗೆ! ಕ್ಯಾನ್ಸರ್ ಕೋಶ ತನ್ನದನ್ನೇ ತಿಂದು ಕಷ್ಟಕಾಲ ದಾಟುತ್ತದೆ.

ಸುನಿಟಿನಿಬ್‌ದು ಬೇರೆ ಸಮಸ್ಯೆ. ಅದು ದುರ್ಬಲ ಪ್ರತ್ಯಾಮ್ಲ. ಲೈಸೋಸೋಮ್ ಒಳಗೆ ಆಮ್ಲ. ಒಳಗೆ ನುಗ್ಗಿದ ಮೇಲೆ ಅದಕ್ಕೆ ಪ್ರೋಟಾನ್ ಅಂಟುತ್ತದೆ, ಮತ್ತೆ ಪೊರೆ ದಾಟಿ ಆಚೆ ಬರೋಕಾಗಲ್ಲ. ಗುರಿ ಮುಟ್ಟಬೇಕಾದ ಔಷಧಿ ಅಲ್ಲೇ ಬಂದಿ.

ಎರಡೂ ಕಡೆ ಲೈಸೋಸೋಮ್ ಬಂತು, ಅಲ್ವಾ? ಅದಕ್ಕೇ ಲೈಸೋಸೋಮ್‌ನ ಕೆಲಸ ಕೆಡಿಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮೇಲೆ ಎಲ್ಲರ ಕಣ್ಣು. ಮಲೇರಿಯಾಕ್ಕೆ ಬಂದ ಹಳೆಯ ಔಷಧಿ ಅದು.

ಈಗ ನಾನು ಎಡವಿದ ಜಾಗ

ಆಟೋಫೇಗೋಸೋಮ್‌ಗಳನ್ನು ಕಸದ ಲಾರಿ ಅಂದುಕೊಳ್ಳಿ. ಪ್ರತಿ ಲಾರಿಗೂ ಒಂದು ಸ್ಟಿಕ್ಕರ್, ಅದೇ ಎಲ್‌ಸಿ3-2. ಕಸವನ್ನು ಲಾರಿಗೆ ಕಟ್ಟುವ ಹಗ್ಗ ಪಿ62. ಲೈಸೋಸೋಮ್ ಕಸ ಸುಡುವ ಜಾಗ. ಅಲ್ಲಿ ಕಸದ ಜೊತೆ ಹಗ್ಗವೂ ಸುಡುತ್ತದೆ, ಲಾರಿಯ ಒಳಗಡೆ ಅಂಟಿದ ಸ್ಟಿಕ್ಕರೂ ಸುಡುತ್ತದೆ.

ರಸ್ತೆಯಲ್ಲಿ ಸ್ಟಿಕ್ಕರ್ ಎಣಿಸಿದೆವು, ಜಾಸ್ತಿ ಇವೆ. ಇದಕ್ಕೆ ಎರಡು ಕಾರಣ ಇರಬಹುದು. ಹೊಸ ಲಾರಿಗಳು ಹೆಚ್ಚು ಹೊರಟಿವೆ. ಅಥವಾ ಸುಡುವ ಜಾಗದ ಗೇಟು ಮುಚ್ಚಿದೆ, ಲಾರಿಗಳು ಸಾಲಾಗಿ ನಿಂತಿವೆ. ಮೊದಲನೆಯದರಲ್ಲಿ ಕೆಲಸ ಜೋರು. ಎರಡನೆಯದರಲ್ಲಿ ಕೆಲಸ ಬಂದ್. ಪ್ರೋಟೀನ್‌ಗಳನ್ನು ಬೇರೆ ಮಾಡಿ ನೋಡುವ ಜೆಲ್‌ನಲ್ಲಿ ಎಲ್‌ಸಿ3-2ರ ಪಟ್ಟೆ ಮಾತ್ರ ಎರಡರಲ್ಲೂ ದಪ್ಪ!

ನನ್ನ ಪ್ರಶ್ನೆಯಲ್ಲಿ ಹಗ್ಗವೂ ಹೆಚ್ಚಾಗಿತ್ತು. ಅಂದರೆ ಸುಡುತ್ತಿಲ್ಲ. ಗೇಟು ಮುಚ್ಚಿದೆ. ಆದರೆ ಪಿ62 ಒಂದನ್ನೇ ನಂಬಬೇಡಿ. ಕೋಶ ಅದನ್ನು ಹೊಸದಾಗಿಯೂ ತಯಾರಿಸುತ್ತದೆ. ಅದರಲ್ಲೂ ಈ ಕ್ಯಾನ್ಸರ್‌ನಲ್ಲಿ ಪಿ62 ಜೀನ್ ಇರುವ 5ನೇ ಕ್ರೋಮೋಸೋಮ್‌ನ ಉದ್ದದ ತೋಳು ಎಷ್ಟೋ ಸಲ ಹೆಚ್ಚುವರಿ ಪ್ರತಿಯಾಗಿರುತ್ತದೆ. ಹಗ್ಗದ ಕಾರ್ಖಾನೆಯೇ ಜಾಸ್ತಿ!

ಗಟ್ಟಿ ಪರೀಕ್ಷೆ ಅಂದರೆ ಗೇಟನ್ನು ನಾವೇ ಮುಚ್ಚಿ ನೋಡೋದು. ಅದಕ್ಕೆ ಬಾಫಿಲೋಮೈಸಿನ್ ಬಳಸುತ್ತಾರೆ. ಸುಮ್ನೆ ಊಹೆಯ ಅಂಕಿ ತಗೊಳ್ಳೋಣ. ಏನೂ ಕೊಡದಾಗ ಎಲ್‌ಸಿ3-2 ಅಳತೆ 1, ಬಾಫಿಲೋಮೈಸಿನ್ ಕೊಟ್ಟಾಗ 3. ಔಷಧಿ ಮಾತ್ರ ಕೊಟ್ಟಾಗ 4. ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಹಾಗೆ ತಪ್ಪು ಬರೆಯುತ್ತೀರಿ. ಔಷಧಿ ಮತ್ತು ಬಾಫಿಲೋಮೈಸಿನ್ ಎರಡೂ ಸೇರಿದಾಗ 9 ಆಯಿತು ಅನ್ನಿ. ಗೇಟು ಅಲ್ಲಿತನಕ ತೆರೆದಿತ್ತು, ಲಾರಿಗಳು ಬಂದು ಹೋಗುತ್ತಿದ್ದವು, ಆಟೋಫೇಜಿ ಹೆಚ್ಚಾಗಿತ್ತು. ಎರಡೂ ಸೇರಿದರೂ 4ರಲ್ಲೇ ನಿಂತರೆ? ಮುಚ್ಚಿದ ಗೇಟನ್ನು ಮತ್ತೆ ಮುಚ್ಚೋಕಾಗಲ್ಲ. ಔಷಧಿಯೇ ಮುಚ್ಚಿತ್ತು. ನೋಡಬೇಕಾದ್ದು 4 ಅಲ್ಲ, ಬಾಫಿಲೋಮೈಸಿನ್ ಹಾಕಿದ ಮೇಲೆ ಎಷ್ಟು ಏರಿತು ಅನ್ನೋದು. ಇದಕ್ಕೆ ಫ್ಲಕ್ಸ್ ಅನ್ನುತ್ತಾರೆ.

ಇನ್ನೊಂದು ಸಣ್ಣ ಕಿರಿಕಿರಿ. ಎಲ್‌ಸಿ3-2ಕ್ಕೆ ಕೊಬ್ಬಿನ ಅಣು ಅಂಟಿರುವುದರಿಂದ ತೂಕ ಜಾಸ್ತಿ. ಆದರೂ ಜೆಲ್‌ನಲ್ಲಿ ಅದು ಕೊಬ್ಬು ಅಂಟದ ರೂಪವಾದ ಎಲ್‌ಸಿ3-1ಕ್ಕಿಂತ ವೇಗವಾಗಿ ಓಡಿ ಕೆಳಗೆ ಕೂರುತ್ತದೆ. ಕೆಳಗಿನ ಪಟ್ಟೆಯೇ 2.

ಈ ಗೊಂದಲ ನನ್ನೊಬ್ಬನದಲ್ಲ ಅನ್ನೋದು ಸಮಾಧಾನ. 2008ರಲ್ಲಿ ಎಸ್‌ಟಿಎಫ್-62247 ಎಂಬ ಅಣು ಸುದ್ದಿಯಾಯಿತು. ವಿಎಚ್‌ಎಲ್ ಇಲ್ಲದ ಕಿಡ್ನಿ ಕ್ಯಾನ್ಸರ್ ಕೋಶಗಳನ್ನು ಆರಿಸಿ ಕೊಲ್ಲುತ್ತದೆ, ಆಟೋಫೇಜಿ ಹೆಚ್ಚಿಸಿ ಕೊಲ್ಲುತ್ತದೆ ಅಂದರು. ಮುಂದಿನ ಕೆಲಸದಲ್ಲಿ, ಅದು ಆಟೋಫೇಜಿಯ ಕೊನೆಯ ಹಂತವನ್ನೇ ತಡೆಯುತ್ತದೆ ಅಂತ ಗೊತ್ತಾಯಿತು.

ರೋಗಿಗಳಲ್ಲಿ

ಎವರೋಲಿಮಸ್ ಜೊತೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಡೋಸ್ 600 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಲೆಕ್ಕಕ್ಕೆ ಸಿಕ್ಕ 33 ಜನರಲ್ಲಿ 15 ಮಂದಿಗೆ ಆರು ತಿಂಗಳು ರೋಗ ಮುಂದುವರಿಯಲಿಲ್ಲ. ಗೆಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಇಬ್ಬರಲ್ಲಿ ಮಾತ್ರ. ಹೋಲಿಕೆಗೆ ಬರೀ ಎವರೋಲಿಮಸ್ ತಗೊಂಡ ಗುಂಪು ಇರಲಿಲ್ಲ. ಹಾಗಾಗಿ ಇದನ್ನು ಗೆಲುವು ಅಂತ ಬರೆಯಬೇಡಿ. ‘ಕೊಡಬಹುದು, ಮುಂದೆ ನೋಡಬಹುದು’ ಅಷ್ಟೇ.

ಕೊನೆಗೆ, ಪರೀಕ್ಷೆಯಲ್ಲಿ ಕೇಳಿದರೆ ಖುಷಿಯಾಗುವ ಒಂದು ಅಂಶ. ಮೇಲೆ ಹೇಳಿದ ಹಿಫ್‌ನ ಒಂದು ಬಗೆಯಾದ ಹಿಫ್-2 ಆಲ್ಫಾವನ್ನು ಆಟೋಫೇಜಿಯೂ ಕರಗಿಸುತ್ತದೆ. ವಿಎಚ್‌ಎಲ್ ಹೋದ ಕೋಶದಲ್ಲಿ ಅದನ್ನು ಕಡಿಮೆ ಮಾಡುವ ಮುಖ್ಯ ದಾರಿ ಆಗಲೇ ಮುಚ್ಚಿದೆ. ನಾವು ಆಟೋಫೇಜಿಯನ್ನೂ ತಡೆದರೆ ಇನ್ನೊಂದು ದಾರಿಯೂ ಮುಚ್ಚಬಹುದು. ಆಟೋಫೇಜಿಗೆ ಬೇಕಾದ ಎಟಿಜಿ7 ಜೀನ್ ಇರುವುದು ಕೂಡ ವಿಎಚ್‌ಎಲ್ ಇರುವ 3ನೇ ಕ್ರೋಮೋಸೋಮ್‌ನ ಗಿಡ್ಡ ತೋಳಿನಲ್ಲೇ. ಆ ತೋಳು ಕಳೆದುಹೋದಾಗ ಎಟಿಜಿ7ರ ಒಂದು ಪ್ರತಿಯೂ ಜೊತೆಗೇ ಹೋಗಿರುತ್ತದೆ.