ಪೈನ್ ಕಾಡಿನ ನುಸಿ: ಒಂದು ವರ್ಷದ ಲೆಕ್ಕ ಸಾಲದು

ಪೈನ್ ಕಾಡಿನ ನೆಲದಿಂದ ಕಪ್ಪಗಾದ ಒಂದು ಸೂಜಿ ಎಲೆ ಎತ್ತಿಕೊಂಡು, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ. ಹೊರಗಿನಿಂದ ಇಡಿಯಾಗಿ ಕಂಡಿದ್ದ ಎಲೆಯ ಒಳಗೆ ಎಷ್ಟೋ ಸಲ ತಿರುಳೇ ಇರುವುದಿಲ್ಲ. ಆ ಜಾಗದಲ್ಲಿ ಗಸಗಸೆಗಿಂತ ಸಣ್ಣ ಕಂದು ಹಿಕ್ಕೆಗಳು ಸಾಲಾಗಿ ತುಂಬಿರುತ್ತವೆ. ಆ ಸಾಲಿನ ತುದಿಯಲ್ಲಿ ಬೆಳ್ಳಗಿನ ಒಂದು ಮರಿ ನುಸಿ, ಇನ್ನೂ ತಿನ್ನುತ್ತಲೇ ಇರುತ್ತದೆ.

ನುಸಿ ಅಂದರೆ ನಮ್ಮ ಕಡೆ ತೆಂಗಿನ ನುಸಿ ರೋಗವೇ ನೆನಪಾಗುತ್ತದೆ, ಅಲ್ವಾ? ಇವು ಬೇರೆ. ಒರಿಬ್ಯಾಟಿಡ್ ಎಂಬ ಈ ಮಣ್ಣಿನ ನುಸಿಗಳು ಉದುರಿದ ಎಲೆ, ಅದರ ಮೇಲೆ ಹಬ್ಬಿದ ಬೂಷ್ಟು ತಿಂದು ಬದುಕುತ್ತವೆ. ಉತ್ತರ ಯುರೋಪಿನ ಪೈನ್ ಕಾಡುಗಳ ಹುಳಿ ಮಣ್ಣಿನಲ್ಲಿ ಎರೆಹುಳು ತೀರಾ ಕಡಿಮೆ. ಆದರೆ ಅಲ್ಲಿ ಒಂದು ಚದರ ಮೀಟರ್ ನೆಲದಲ್ಲಿ ಲಕ್ಷಗಟ್ಟಲೆ ನುಸಿಗಳಿರುತ್ತವೆ. 1970ರ ದಶಕದಲ್ಲಿ ಸ್ವೀಡನ್ನಿನ ಯೆಡ್ರೋಸ್ ಬಳಿ, ಸುಮಾರು 120 ವರ್ಷದ ಸ್ಕಾಟ್ಸ್ ಪೈನ್ ಕಾಡಿನಲ್ಲಿ ಮಣ್ಣಿನ ಜೀವಿಗಳನ್ನು ಹೀಗೆ ಕೂತು ಎಣಿಸಿದ್ದರು.

ಎಣಿಸುವ ಸಾಧನ ತುಂಬಾ ಸರಳ. 1905ರಲ್ಲಿ ಇಟಲಿಯ ಕೀಟತಜ್ಞ ಬೆರ್ಲೇಸೆ ಕಾಡಿನಿಂದ ತಂದ ಮಣ್ಣಿನ ಕೆಳಗೆ ಆಲಿಕೆ ಇಟ್ಟರು, 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಅದರ ಮೇಲೆ ಬಲ್ಬು ತೂಗುಹಾಕಿದರು. ಮಣ್ಣು ಮೇಲಿನಿಂದ ಒಣಗುತ್ತಾ ಬಂದಂತೆ ನುಸಿಗಳು ತೇವ ಹುಡುಕಿಕೊಂಡು ಕೆಳಗಿಳಿದು ಆಲ್ಕೋಹಾಲ್ ಬಾಟಲಿಗೆ ಬೀಳುತ್ತವೆ. ಅವಸರಪಟ್ಟು ಬಿಸಿ ಜಾಸ್ತಿ ಮಾಡಿದರೆ ನಿಧಾನಕ್ಕೆ ನಡೆಯುವ ಜಾತಿಗಳು ದಾರಿಯಲ್ಲೇ ಒಣಗಿ ಸಾಯುತ್ತವೆ, ಆಗ ಕಾಡಿನಲ್ಲಿ ಅವು ಇಲ್ಲವೇ ಇಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ. ಅದಕ್ಕೇ ವರ್ಷ ವರ್ಷವೂ ಮಣ್ಣು ತೆಗೆಯಲು ಅದೇ ಕೊಳವೆ, ಅದೇ ಬಲ್ಬು, ಅದೇ ತಿಂಗಳು ಎಂದು ನಾನು ಹಟ ಹಿಡಿಯುವುದು.

ನನ್ನ ಮುಖ್ಯ ತಕರಾರು ಬರೀ ಒಟ್ಟು ಸಂಖ್ಯೆ ನೋಡಿ ಸಮಾಧಾನಪಡುವವರ ಬಗ್ಗೆ. ಮರ ಕಡಿದ ಮೇಲೋ, ಬೆಂಕಿ ಬಿದ್ದ ಮೇಲೋ ಒಪ್ಪಿಯೆಲ್ಲಾ ನೋವಾ, ಟೆಕ್ಟೋಸೆಫಿಯಸ್ ವೆಲಾಟಸ್ ಥರದ ಪುಟ್ಟ ಜಾತಿಗಳು ಬೇಗ ಚೇತರಿಸಿಕೊಳ್ಳಬಲ್ಲವು. ಇವುಗಳಲ್ಲಿ ಹೆಣ್ಣು ಗಂಡಿನ ಹಂಗಿಲ್ಲದೆ ಮರಿ ಮಾಡುತ್ತದೆ. ಸಂಖ್ಯೆ ಮತ್ತೆ ಏರಿದ್ದನ್ನು ಕಂಡು ಮಣ್ಣು ಸರಿಹೋಯಿತು ಅಂದುಕೊಂಡರೆ ತಪ್ಪು. ಸೂಜಿಯೊಳಗೆ ಬೆಳೆಯುವ ಪೆಟ್ಟಿಗೆ ನುಸಿಗಳದು ಬೇರೆ ಕಥೆ. ಮುಟ್ಟಿದರೆ ಕಾಲು, ತಲೆ ಎಲ್ಲ ಒಳಗೆಳೆದುಕೊಂಡು ಮುಚ್ಚಿಕೊಳ್ಳುತ್ತವೆ ಅವು. ಚಳಿ ನಾಡಿನಲ್ಲಿ ಇಂಥ ಒಂದು ನುಸಿ ಮೊಟ್ಟೆಯಿಂದ ಬೆಳೆದು ದೊಡ್ಡದಾಗಲು ಒಂದೆರಡು ವರ್ಷವೇ ಬೇಕಾಗಬಹುದು, ಮೊಟ್ಟೆಗಳೂ ಕಡಿಮೆ, ರೆಕ್ಕೆಯಂತೂ ಇಲ್ಲ. ಮೂರು ವರ್ಷದ ಯೋಜನೆಯಲ್ಲಿ ಅವು ವಾಪಸ್ ಬಂದವೋ ಇಲ್ಲವೋ ಹೇಳುವುದು ಹೇಗೆ? ಒಟ್ಟು ಲೆಕ್ಕದ ಜೊತೆ ಯಾವ ಜಾತಿ ಎಷ್ಟು ಎನ್ನುವುದೂ ಬೇಕು, ಹತ್ತಿಪ್ಪತ್ತು ವರ್ಷ ಬೇಕು.

ಇನ್ನೊಂದು ಮಾತು, ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ. ಎಣಿಸಿದ್ದಾಯಿತು ಎಂದು ಬಾಟಲಿ ಎಸೆಯಬೇಡಿ. ಇವತ್ತು ಒಂದೇ ಜಾತಿ ಅಂದುಕೊಂಡಿದ್ದು ನಾಳೆ ಎರಡು ಎಂದಾಗಬಹುದು, ಆಗ ಹಳೆಯ ನುಸಿಯನ್ನೇ ಮತ್ತೆ ನೋಡಬೇಕಾಗುತ್ತದೆ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದು ಬಾಟಲಿಯ ಒಳಗೆ ಹಾಕಿ. ಒಮ್ಮೆ ನಾನು ಬಾಲ್ ಪೆನ್ನಿನಲ್ಲಿ ಬರೆದಿದ್ದೆ. ಆಲ್ಕೋಹಾಲಿನಲ್ಲಿ ಶಾಯಿಯೆಲ್ಲ ಬಿಟ್ಟುಕೊಂಡಿತ್ತು. ನುಸಿಗಳು ಚೆನ್ನಾಗಿಯೇ ಇದ್ದವು, ಯಾವ ಜಾಗದವು, ಯಾವ ತಿಂಗಳಿನವು ಎನ್ನುವುದು ಮಾತ್ರ ಹೋಗಿಬಿಟ್ಟಿತ್ತು.